ಕೈಗವಸು ಬಿಚ್ಚುವ ಹೊತ್ತು

1951ರ ಅಕ್ಟೋಬರ್ 26ರ ರಾತ್ರಿ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಅಖಾಡದಲ್ಲಿ ಒಂದು ಕಡೆ 37 ವರ್ಷದ ಜೋ ಲೂಯಿಸ್. ಇನ್ನೊಂದು ಕಡೆ 28 ವರ್ಷದ ರಾಕಿ ಮಾರ್ಸಿಯಾನೊ. ಎಂಟನೆಯ ಸುತ್ತಿನಲ್ಲಿ ಮಾರ್ಸಿಯಾನೊನ ಎಡಗೈ ಏಟಿಗೆ ಲೂಯಿಸ್ ನೆಲಕ್ಕುರುಳಿದ. ರೆಫರಿ ಎಂಟು ಎಣಿಸುವಷ್ಟರಲ್ಲಿ ಎದ್ದುನಿಂತ. ಸ್ವಲ್ಪ ಹೊತ್ತಿನಲ್ಲೇ ಬಲಗೈ ಏಟು ಬಿತ್ತು. ಹಗ್ಗಗಳ ಸಂದಿಯಿಂದ ಜಾರಿದ ಲೂಯಿಸ್ ಅಖಾಡದ ಅಂಚಿನಲ್ಲಿ ಬಿದ್ದ. ಪಂದ್ಯ ಮುಗಿಯಿತು. ಆಮೇಲೆ ಸೋತವನ ಕೋಣೆಗೆ ಹೋಗಿ ಗೆದ್ದವನೇ ಕಣ್ಣೀರಿಟ್ಟ. ಮಾರ್ಸಿಯಾನೊನ ಪಾಲಿಗೆ ಲೂಯಿಸ್ ಚಿಕ್ಕಂದಿನಿಂದ ಮೆಚ್ಚಿಕೊಂಡಿದ್ದ ವೀರ.

ಆ ಹೊತ್ತಿಗೆ ಲೂಯಿಸ್ ಅಖಾಡದಲ್ಲಿ ಇರಬೇಕಾದವನೇ ಅಲ್ಲ. ಅಲಬಾಮಾದ ಬಡ ಕಪ್ಪು ರೈತ ಕುಟುಂಬದಲ್ಲಿ ಹುಟ್ಟಿದ ಆತ 1937ರಲ್ಲಿ ಹೆವಿವೇಟ್ ವಿಶ್ವ ಚಾಂಪಿಯನ್ ಆದ. 25 ಬಾರಿ ಪಟ್ಟ ಉಳಿಸಿಕೊಂಡು 1949ರಲ್ಲಿ ಅಜೇಯ ಚಾಂಪಿಯನ್ ಆಗಿಯೇ ನಿವೃತ್ತಿ ಘೋಷಿಸಿದ. ಹೆವಿವೇಟ್ ವಿಭಾಗದಲ್ಲಿ ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಅಂಥವನು ಮರುವರ್ಷವೇ ಮತ್ತೆ ಕೈಗವಸು ತೊಟ್ಟದ್ದೇಕೆ?

ಉತ್ತರ ಆದಾಯ ತೆರಿಗೆಯ ಕಡತದಲ್ಲಿತ್ತು. 1942ರಲ್ಲಿ ಲೂಯಿಸ್ ಎರಡು ಪಂದ್ಯಗಳ ಸಂಭಾವನೆಯನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟಿದ್ದ. ಸೈನ್ಯಕ್ಕೂ ಸೇರಿ, ಸೈನಿಕರೆದುರು ಹತ್ತಿರ ಹತ್ತಿರ ನೂರು ಪ್ರದರ್ಶನ ಪಂದ್ಯಗಳನ್ನಾಡಿದ. ದಾನ ಮಾಡಿದ ಆ ಹಣವನ್ನೂ ತೆರಿಗೆಯವರು ಆತನ ಆದಾಯವೆಂದೇ ಲೆಕ್ಕ ಹಾಕಿದರು. ಕೈ ಬಿಚ್ಚಿ ಖರ್ಚು ಮಾಡುವ ಸ್ವಭಾವ, ನಷ್ಟದ ವ್ಯಾಪಾರಗಳು ಬೇರೆ. 1950ರ ಹೊತ್ತಿಗೆ ಬಾಕಿ ಐದು ಲಕ್ಷ ಡಾಲರ್ ದಾಟಿತ್ತು. ಸಾಲ ತೀರಿಸಲೆಂದು ಹೋರಾಡಿದರೆ ಆ ಗಳಿಕೆಗೂ ಹೊಸ ತೆರಿಗೆ. ಮಾರ್ಸಿಯಾನೊನಿಂದ ಸೋತ ಮೇಲೂ ಬಿಡುಗಡೆ ಸಿಗಲಿಲ್ಲ. ತಾಯಿ ಬಿಟ್ಟುಹೋದ 667 ಡಾಲರ್ ಕೂಡ ಬಾಕಿಗೆ ಜಮೆಯಾಯಿತು. 1956ರಲ್ಲಿ ಆತ ಹೊಟ್ಟೆಪಾಡಿಗಾಗಿ ವೃತ್ತಿಪರ ಕುಸ್ತಿಗೂ ಇಳಿದ.

ಆದರೆ ಹಣವೊಂದೇ ಕಾರಣವಲ್ಲ, ದೇಹವೂ ವಂಚಿಸುತ್ತದೆ. ಬಾಕ್ಸರ್‌ಗೆ ವಯಸ್ಸಾದಾಗ ಮೊದಲು ಕೈಕೊಡುವುದು ಕಾಲು. ನಂತರ ಏಟು ಬರುವುದನ್ನು ಕಂಡು ತಲೆ ತಪ್ಪಿಸುವ ಚುರುಕು. ಹೊಡೆತದ ಬಲ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಆದ್ದರಿಂದ ಅಭ್ಯಾಸದ ಚೀಲಕ್ಕೆ ಗುದ್ದುವಾಗ ಆತನಿಗೆ ತಾನಿನ್ನೂ ಹಿಂದಿನವನೇ ಅನ್ನಿಸುತ್ತದೆ. ಕಡಿಮೆಯಾಗಿರುವುದು ಹೊಡೆಯುವ ಶಕ್ತಿಯಲ್ಲ, ಹೊಡೆಸಿಕೊಳ್ಳದಿರುವ ಶಕ್ತಿ. ತಲೆಗೆ ಮತ್ತೆ ಮತ್ತೆ ಬೀಳುವ ಏಟುಗಳಿಂದ ಬಾಕ್ಸರುಗಳಲ್ಲಿ ಕಾಣುವ ತೊದಲು, ನಡುಕ, ಮಂಕುತನಗಳನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವಿವರಿಸಿದ್ದ. 1973ರಲ್ಲಿ ಬ್ರಿಟನ್ನಿನ ಕೋರ್ಸೆಲಿಸ್ ಮತ್ತು ಸಂಗಡಿಗರು 15 ಮಾಜಿ ಬಾಕ್ಸರುಗಳ ಮಿದುಳುಗಳನ್ನು ಪರೀಕ್ಷಿಸಿ ಆ ಹಾನಿಯ ಗುರುತುಗಳನ್ನು ತೋರಿಸಿದರು. ವಿಷಯ ಗುಟ್ಟಾಗಿರಲಿಲ್ಲ.

ಆದರೂ ಮಹಮ್ಮದ್ ಅಲಿಯನ್ನು ಯಾರೂ ತಡೆಯಲಿಲ್ಲ. ನಿಲ್ಲಿಸೆಂದು ಹೇಳಿ ಸಾಕಾದ ಆತನ ವೈದ್ಯ ಫರ್ಡಿ ಪಚೆಕೊ 1977ರಲ್ಲಿ ಬಳಗವನ್ನೇ ತೊರೆದ. 1980ರ ಪಂದ್ಯಕ್ಕೆ ಮುಂಚೆ ಮೇಯೋ ಕ್ಲಿನಿಕ್‌ನಲ್ಲಿ ಪರೀಕ್ಷೆ ನಡೆದಾಗ ಅಲಿಗೆ ಒಂಟಿಕಾಲಲ್ಲಿ ಸರಿಯಾಗಿ ಕುಪ್ಪಳಿಸಲು, ಬೆರಳಿನಿಂದ ಮೂಗು ಮುಟ್ಟಲು ತೊಡಕಾಗಿತ್ತು. ಪರವಾನಗಿ ಮಾತ್ರ ಸಿಕ್ಕಿತು. ಅಕ್ಟೋಬರ್ 2ರಂದು ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೆಸ್‌ನಲ್ಲಿ 38 ವರ್ಷದ ಅಲಿಯನ್ನು ಲ್ಯಾರಿ ಹೋಮ್ಸ್ ಹತ್ತು ಸುತ್ತು ಬಡಿದ. ಹತ್ತೂ ಸುತ್ತು ಹೋಮ್ಸನದೇ. ಕೊನೆಗೆ ತರಬೇತುದಾರ ಏಂಜೆಲೊ ಡಂಡಿ ಪಂದ್ಯ ನಿಲ್ಲಿಸಿದ. ಒಂದು ಕಾಲಕ್ಕೆ ಅಲಿಗೆ ಅಭ್ಯಾಸದ ಜೊತೆಗಾರನಾಗಿದ್ದ ಹೋಮ್ಸ್ ಕೂಡ ಮಾರ್ಸಿಯಾನೊನಂತೆ ಗೆದ್ದು ಅತ್ತ. ಮರುವರ್ಷ ಡಿಸೆಂಬರಿನಲ್ಲಿ ಅಲಿ ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್‌ಗೂ ಸೋತು ಆಟ ಮುಗಿಸಿದ. ಪಾರ್ಕಿನ್ಸನ್ ಕಾಯಿಲೆ 1984ರಲ್ಲಿ ಪತ್ತೆಯಾಯಿತು. ಅದಕ್ಕೆ ಏಟುಗಳೇ ಕಾರಣವೇ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ.

ಅತ್ತ ಹೋಮ್ಸ್ ಪಾಠ ಕಲಿತನೇ? 1988ರಲ್ಲಿ ತಾನೂ 38ರ ವಯಸ್ಸಿನಲ್ಲಿ ನಿವೃತ್ತಿ ಮುರಿದು ಬಂದು ಮೈಕ್ ಟೈಸನ್‌ನಿಂದ ನಾಲ್ಕನೆಯ ಸುತ್ತಿನಲ್ಲಿ ನೆಲಕಚ್ಚಿದ. ಆತ ಕೊನೆಯ ಪಂದ್ಯ ಆಡಿದ್ದು 2002ರಲ್ಲಿ, 52 ದಾಟಿದ ಮೇಲೆ. ಆ ಟೈಸನ್ ಕೂಡ 2024ರ ನವೆಂಬರಿನಲ್ಲಿ 58ನೆಯ ವಯಸ್ಸಿನಲ್ಲಿ 27ರ ಜೇಕ್ ಪಾಲ್ ಎದುರು ನಿಂತು ಸೋತ. ಹೀಗೆ ಮುದುಕನನ್ನು ಬೀಳಿಸಿದ ತರುಣನೇ ಮುಂದೊಂದು ದಿನ ಆ ಮುದುಕನ ಜಾಗದಲ್ಲಿ ನಿಂತ.

ನಡುವೆ ಒಬ್ಬ ಜಾರ್ಜ್ ಫೋರ್‌ಮನ್. ಹತ್ತು ವರ್ಷ ಅಖಾಡ ಬಿಟ್ಟಿದ್ದ ಆತ 1994ರಲ್ಲಿ 45ನೆಯ ವಯಸ್ಸಿನಲ್ಲಿ ಮೈಕಲ್ ಮೂರರ್‌ನನ್ನು ಕೆಡವಿ ಮತ್ತೆ ಚಾಂಪಿಯನ್ ಆದ. ಲಾಟರಿಯಲ್ಲಿ ಒಬ್ಬನಿಗೆ ಬಂದ ಬಹುಮಾನ ನೂರು ಜನರಿಂದ ಚೀಟಿ ಕೊಳ್ಳಿಸುವಂತೆ, ಅಂಥದೊಂದು ಗೆಲುವು ನಿವೃತ್ತರ ಆಸೆಯನ್ನು ಕೆದಕುತ್ತದೆ.

ಸಕಾಲದಲ್ಲಿ ನಿಲ್ಲಿಸಿದವರೂ ಉಂಟು. ಲೂಯಿಸ್‌ನನ್ನು ಬೀಳಿಸಿ ಅತ್ತ ಮಾರ್ಸಿಯಾನೊ 1956ರಲ್ಲಿ, 32ನೆಯ ವಯಸ್ಸಿನಲ್ಲಿ, ಆಡಿದ 49 ಪಂದ್ಯಗಳನ್ನೂ ಗೆದ್ದು ಕೈಗವಸು ಬಿಚ್ಚಿಟ್ಟ. ಮತ್ತೆ ಪಂದ್ಯಕ್ಕೆ ಇಳಿಯಲಿಲ್ಲ. ಆದರೆ ಅಂಥವರು ವಿರಳ. ಅಲಿಯ ಕಥೆ ತೋರಿಸುವಂತೆ, ಸಾಕು ಎನ್ನುವ ತೀರ್ಮಾನ ಬಹುಮಟ್ಟಿಗೆ ಬಾಕ್ಸರನಿಗೇ ಬಿಟ್ಟದ್ದು. ಅದನ್ನು ತೆಗೆದುಕೊಳ್ಳಲು ಎಲ್ಲರಿಗಿಂತ ಅಸಮರ್ಥ ಅವನೇ. ಸಂಘಟಕನಿಗೆ ಹಳೆಯ ಹೆಸರು ಬೇಕು, ಬಳಗಕ್ಕೆ ಸಂಬಳ ಬೇಕು, ಪ್ರೇಕ್ಷಕನಿಗೆ ತನ್ನ ಯೌವನದ ನೆನಪು ಬೇಕು. ಬೇಡ ಎನ್ನುವವನು ಪಚೆಕೊನಂತೆ ಹೊರಗಾಗುತ್ತಾನೆ.

ಕೊನೆಗಾಲದಲ್ಲಿ ಲೂಯಿಸ್‌ಗೆ ಅದೇ ಸೀಸರ್ಸ್ ಪ್ಯಾಲೆಸ್‌ನಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಕೆಲಸವಿತ್ತು. 1981ರ ಏಪ್ರಿಲ್ 11ರಂದು ಗಾಲಿಕುರ್ಚಿಯಲ್ಲಿ ಕುಳಿತು ಅಲ್ಲಿ ನಡೆದ ಪಂದ್ಯವೊಂದನ್ನು ನೋಡಿದ. ಅಖಾಡದಲ್ಲಿದ್ದವರು ಹೋಮ್ಸ್ ಮತ್ತು ಬರ್ಬಿಕ್. ಒಬ್ಬ ಆರು ತಿಂಗಳ ಹಿಂದೆ ಅಲಿಯನ್ನು ಸೋಲಿಸಿದ್ದವನು. ಇನ್ನೊಬ್ಬ ಎಂಟು ತಿಂಗಳ ಬಳಿಕ ಸೋಲಿಸಲಿದ್ದವನು. ಮರುದಿನ ಲೂಯಿಸ್ ತೀರಿಕೊಂಡ.