ಕೆರೆ ಬತ್ತಿದ ಮೇಲಿನ ನಡಿಗೆ

ಉಪ್ಪಾರಪೇಟೆಯ ಮಗ್ಗುಲಲ್ಲಿ ಒಂದು ಕಾಲಕ್ಕೆ ಧರ್ಮಾಂಬುಧಿ ಎಂಬ ದೊಡ್ಡ ಕೆರೆಯಿತ್ತೆಂದರೆ, ಇಂದು ಮೆಜೆಸ್ಟಿಕ್ ಬಸ್ಸು ನಿಲ್ದಾಣದಲ್ಲಿ ಇಳಿಯುವವರು ನಂಬುವುದು ಕಷ್ಟ. ನಿಲ್ದಾಣ ನಿಂತಿರುವುದು ಆ ಕೆರೆಯ ಅಂಗಳದಲ್ಲಿಯೇ. ಈ ಪೇಟೆಯಲ್ಲಿ ಹುಟ್ಟಿ ಬೆಳೆದ ನಾನೂ ಕೆರೆಯನ್ನು ಕಂಡವನಲ್ಲ. ನಮ್ಮ ಅಜ್ಜಿಯ ಅತ್ತೆ ದಿನವೂ ಅಲ್ಲಿಂದ ಕೊಡಗಟ್ಟಲೆ ನೀರು ಹೊತ್ತು ತರುತ್ತಿದ್ದರಂತೆ. ವ್ಯಾಯಾಮವೆಂಬ ಮಾತು ಆಕೆಗೆ ಬೇಕಿರಲಿಲ್ಲ. ಆದರೆ ಮುಪ್ಪಿನಲ್ಲಿ ಆಕೆಯ ಬೆನ್ನು ಬಾಗಿತ್ತೆಂಬುದನ್ನೂ ಅಜ್ಜಿ ಮರೆಯದೆ ಹೇಳುತ್ತಿದ್ದರು.

1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಗಳಲ್ಲಿ ಹರಿಯಿತು. ಹೆಂಗಸರ ತಲೆಯ ಭಾರ ಇಳಿಯಿತು. ಎರಡೇ ವರ್ಷಗಳಲ್ಲಿ, 1898ರ ಆಗಸ್ಟಿನಲ್ಲಿ, ಪ್ಲೇಗು ಊರನ್ನು ಹೊಕ್ಕಿತು. ಗಾಳಿ ಬೆಳಕಿಲ್ಲದ ಓಣಿಗಳನ್ನು ತೊರೆದು ಜನ ಬಯಲಿಗೆ ಓಡಿದರು. ಆಮೇಲೆ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ಬೀದಿ, ಚರಂಡಿ, ಮನೆಯ ಹಿಂದೊಂದು ಗಲ್ಲಿ. ಆರೋಗ್ಯವೆಂದರೆ ಔಷಧಿಯಷ್ಟೇ ಅಲ್ಲ, ಜಾಗವೂ ಹೌದೆಂದು ನಗರ ಕಲಿತದ್ದು ಹೀಗೆ. ಆದರೆ ಆ ಗಾಳಿಗೂ ನಿವೇಶನದ ಬೆಲೆಯಿತ್ತು. ಅದನ್ನು ತೆರಲಾರದ ನಮ್ಮಂಥವರು ಪೇಟೆಯಲ್ಲಿಯೇ ಉಳಿದರು.

ಉಳಿದವರಿಗೆ ಗರಡಿಮನೆಗಳಿದ್ದವು. ಬೆಳಗಿನ ಜಾವ ಹನುಮಂತನಿಗೆ ಕೈಮುಗಿದು, ಕೆಮ್ಮಣ್ಣಿನ ಅಖಾಡಕ್ಕಿಳಿದು, ದಂಡೆ ಬಸ್ಕಿ ಹೊಡೆದು, ಗದೆ ತಿರುಗಿಸುವುದು ಅಲ್ಲಿನ ಪಾಠ. ಕರಗದ ವೀರಕುಮಾರರಿಗೂ ಗರಡಿಗಳಿಗೂ ಇರುವ ನಂಟು ಬೆಂಗಳೂರಿಗರಿಗೆ ಗೊತ್ತು. ದುಡಿಯುವವನ ಮೈಗೆ ಅಲ್ಲಿ ಮರ್ಯಾದೆಯಿತ್ತು.

ಕಚೇರಿಯಲ್ಲಿ ಕೂತು ಬರೆಯುವ ಗುಮಾಸ್ತನ ಗತಿಯೇನು? ಅದಕ್ಕೆ ಉತ್ತರ ಹುಡುಕಿದವರು ಕೆ. ವಿ. ಅಯ್ಯರ್. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಹೊರತಂದ ಅವರು ಅಂಚೆಯ ಮೂಲಕವೂ ವ್ಯಾಯಾಮದ ಪಾಠ ಕಳುಹಿಸುತ್ತಿದ್ದರು. ಜೆ. ಸಿ. ರಸ್ತೆಯ ಅವರ ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಗುಂಡುಗಳೊಡನೆ ಸೂರ್ಯನಮಸ್ಕಾರವೂ ಇತ್ತು. ಅದೇ ಕೈ ‘ಶಾಂತಲಾ’ ಕಾದಂಬರಿಯನ್ನೂ ಬರೆಯಿತು. ಕೈಲಾಸಂ ಅವರ ಆಪ್ತರು. ಸಾಹಿತ್ಯದ ವಿದ್ಯಾರ್ಥಿಗೆ ಮೈ ಬೇಡವೆಂದು ನಂಬಿದ್ದ ನನ್ನಂಥ ಕನ್ನಡ ಎಂ.ಎ.ಗಳು ಈ ಒಂದು ಬಾಳನ್ನು ಎಚ್ಚರದಿಂದ ಓದಲಿಲ್ಲ.

ಅದರ ಫಲವನ್ನು ಈಗ ಉಣ್ಣುತ್ತಿದ್ದೇನೆ. ನಿವೃತ್ತನಾದ ವರ್ಷ ವೈದ್ಯರು ಸಕ್ಕರೆ ಕಾಯಿಲೆಯೆಂದರು. ದಿನವೂ ನಡೆಯಿರಿ ಎಂದರು. ಬೆಳಿಗ್ಗೆ ಆಟೋ ಹಿಡಿದು ಲಾಲ್‌ಬಾಗಿಗೆ ಹೋಗಿ, ನಡೆದು, ಮತ್ತೆ ಆಟೋದಲ್ಲಿ ಹಿಂದಿರುಗುತ್ತಿದ್ದೆ. ನಡೆಯುವುದಕ್ಕಾಗಿ ವಾಹನ ಹತ್ತುವ ಈ ವಿಪರೀತಕ್ಕೆ ನನ್ನ ಸೋಮಾರಿತನವೊಂದೇ ಕಾರಣವಲ್ಲ. ದಿನದ ದುಡಿಮೆಯಿಂದ ನಡಿಗೆಯನ್ನು ಕಿತ್ತುಕೊಂಡ ನಗರ, ನಡೆಯುವ ಜಾಗವನ್ನು ಎಲ್ಲರಿಗೂ ಸಮನಾಗಿ ಹಂಚಲಿಲ್ಲ. ಹೊಸ ಬಡಾವಣೆಯವನಿಗೆ ಮನೆಯೆದುರೇ ಮರದ ನೆರಳು. ಪೇಟೆಯ ಮುದುಕನಿಗೆ ಕಾಲುದಾರಿಯ ಮೇಲೆ ನಿಂತ ಸ್ಕೂಟರು.

ಈಚೆಗೆ ಆಟೋ ಬಿಟ್ಟಿದ್ದೇನೆ. ತರಕಾರಿಗೆಂದು ಮಾರುಕಟ್ಟೆಯವರೆಗೆ ಚೀಲ ಹಿಡಿದು ನಡೆಯುತ್ತೇನೆ. ದಾರಿಯಲ್ಲಿ ಮೂಟೆ ಹೊತ್ತ ಹಮಾಲಿಗಳು ‘ಸ್ವಾಮಿ, ಪಕ್ಕಕ್ಕೆ’ ಎಂದು ಕೂಗುತ್ತಾರೆ. ನಾನು ಸರಿದು ನಿಲ್ಲುತ್ತೇನೆ. ಆಗೆಲ್ಲ ಆ ಅಜ್ಜಿಯ ಅತ್ತೆಯ ಬಾಗಿದ ಬೆನ್ನು ನೆನಪಾಗುತ್ತದೆ.