ಮಹಾವೀರಾಚಾರ್ಯನ ಗಣಿತ: ಒಂದು ಗ್ರಂಥ ಸಾಗಿ ಬಂದ ದಾರಿ

ಆಳಂದದ ಖಜೂರಿಯಿಂದ ಸೇಡಂ ಸೀಮೆಯವರೆಗೆ ಹಬ್ಬಿರುವ ಇಂದಿನ ಕಲಬುರಗಿ ಜಿಲ್ಲೆ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ನಡುನಾಡು. ಕಾಗಿಣಾ ದಂಡೆಯ ಮಳಖೇಡವೇ ಅಂದಿನ ರಾಜಧಾನಿ ಮಾನ್ಯಖೇಟ. ‘ಕವಿರಾಜಮಾರ್ಗ’ ಹುಟ್ಟಿದ ಅಮೋಘವರ್ಷ ನೃಪತುಂಗನ ಕಾಲದಲ್ಲೇ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಪಂಡಿತ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ. ಮೊದಲ ಅಧ್ಯಾಯದಲ್ಲೇ ನೃಪತುಂಗನ ಸ್ತುತಿಯಿದೆ.

ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತವೆಂದರೆ ಜ್ಯೋತಿಷ ಸಿದ್ಧಾಂತದ ಒಂದು ಭಾಗ. ಮಹಾವೀರ ಅದನ್ನು ಗ್ರಹಗತಿಯಿಂದ ಬಿಡಿಸಿ ಸ್ವತಂತ್ರ ಶಾಸ್ತ್ರವಾಗಿ ಬರೆದ. ಒಂಬತ್ತು ಅಧ್ಯಾಯಗಳಲ್ಲಿ 1,100ಕ್ಕೂ ಹೆಚ್ಚು ಶ್ಲೋಕಗಳಿವೆ. ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಕ್ಷೇತ್ರಫಲ, ಅಗೆತ, ನೆರಳಿನ ಅಳತೆ ಎಲ್ಲವೂ ಅಲ್ಲಿ ಬರುತ್ತವೆ.

ಗ್ರಂಥದ ಹೆಸರು ಇಂದು ಹೆಚ್ಚಾಗಿ ಕೇಳಿಬರುವುದು ‘ಮಿಶ್ರಕ ವ್ಯವಹಾರ’ ಎಂಬ ಅಧ್ಯಾಯದಲ್ಲಿರುವ ವಿಕಲ್ಪದ, ಅಂದರೆ ಹಲವು ವಸ್ತುಗಳಲ್ಲಿ ಕೆಲವನ್ನು ಆಯುವ ಬಗೆಗಳ ಎಣಿಕೆಯ, ಸೂತ್ರದಿಂದ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಈ ಆರು ರಸಗಳನ್ನು ಬೆರೆಸಿದರೆ ಎಷ್ಟು ಬಗೆ? ಮೇಲಿನ ಸಾಲಿನಲ್ಲಿ 6, 5, 4 ಎಂದು ಇಳಿಕೆಯಾಗಿ, ಕೆಳಗೆ 1, 2, 3 ಎಂದು ಏರಿಕೆಯಾಗಿ ಬರೆದು, ಮೇಲಿನವುಗಳ ಗುಣಲಬ್ಧವನ್ನು ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸಬೇಕು. ಮೂರು ರಸಗಳ ಬೆರಕೆಗೆ 120 ಭಾಗಿಸು 6, ಅಂದರೆ 20. ಒಂದರಿಂದ ಆರರವರೆಗೆ ಎಲ್ಲ ಬೆರಕೆಗಳೂ ಸೇರಿ 63. ವಜ್ರ, ನೀಲ, ಪಚ್ಚೆ, ಹವಳ, ಮುತ್ತುಗಳ ಸರದ ಲೆಕ್ಕವೂ ಇದೇ ಬಗೆಯದು.

ಎಣಿಕೆ ಹಳೆಯದೇ. 63 ರಸಭೇದಗಳು ಸುಶ್ರುತ ಸಂಹಿತೆಯಲ್ಲಿವೆ. ವರಾಹಮಿಹಿರ 16 ಸುಗಂಧದ್ರವ್ಯಗಳಲ್ಲಿ ನಾಲ್ಕನ್ನು ಆಯುವ 1,820 ಬಗೆಗಳನ್ನು ಹೇಳಿದ್ದ. ಮಹಾವೀರನಲ್ಲಿ ಕಾಣುವುದು ಯಾವ ಸಂಖ್ಯೆಗೂ ಸಲ್ಲುವ ಸಾಮಾನ್ಯ ನಿಯಮ. ಯುರೋಪಿನ ಗಣಿತಜ್ಞ ಎರಿಗೋನ್ ಅಂಥದ್ದನ್ನು ಕೊಟ್ಟದ್ದು 1634ರಲ್ಲಿ. ಆದರೂ ‘ಜಗತ್ತಿನಲ್ಲೇ ಮೊದಲಿಗ’ ಎಂಬ ಪಟ್ಟ ಕಟ್ಟುವ ಮುನ್ನ ತುಸು ತಡೆಯಬೇಕು: ಗಣಿತಜ್ಞ ಶ್ರೀಧರನ ‘ಪಾಟೀಗಣಿತ’ದಲ್ಲೂ ಈ ನಿಯಮವಿದೆ, ಅವನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಬೀಜಗಣಿತಕ್ಕೆ ಸೇರುವ ಮಾತುಗಳಲ್ಲಿ ಮುಖ್ಯವಾದುದು ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂಬ ಸ್ಪಷ್ಟ ಹೇಳಿಕೆ. ಒಂದನ್ನು ಏಕಾಂಶ ಭಿನ್ನರಾಶಿಗಳ ಮೊತ್ತವಾಗಿ ಒಡೆಯುವ ರೀತಿಯೂ ಸೊಗಸು: 1/2, 1/3, 1/9, 1/18 ಕೂಡಿದರೆ ಸರಿಯಾಗಿ 1. ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಹಾರಸಂಖ್ಯೆಗಳಲ್ಲಿ ಅವನಿಗೆ ವಿಶೇಷ ಒಲವು. 142857143ನ್ನು 7ರಿಂದ ಗುಣಿಸಿದರೆ 1000000001. ಎಡವಿದ್ದೂ ಉಂಟು: ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದು ಎಂದಿದ್ದಾನೆ.

ಇಷ್ಟು ಬರೆದವನನ್ನು ಮುಂದಿನವರು ಎಷ್ಟು ನೆನೆದರು? ಉತ್ತರ ಎರಡು ಬಗೆ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯ ಬ್ರಹ್ಮಗುಪ್ತ, ಶ್ರೀಧರ, ಪದ್ಮನಾಭರ ಹೆಸರು ಹೇಳುತ್ತಾನೆ, ಆ ಸಾಲಿನಲ್ಲಿ ಮಹಾವೀರನಿಲ್ಲ. ‘ಲೀಲಾವತಿ’ಯಲ್ಲೂ ಆರು ರಸಗಳ ಲೆಕ್ಕ ಬರುತ್ತದೆ; ಅಷ್ಟರಿಂದಲೇ ಅದು ಮಹಾವೀರನಿಂದ ಬಂದದ್ದು ಎನ್ನಲಾಗದು, ಉದಾಹರಣೆ ಎಲ್ಲರ ಸೊತ್ತು. ದಕ್ಷಿಣದಲ್ಲಿ ಹೀಗಾಗಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಎಂಬವನು ‘ಗಣಿತಸಾರಸಂಗ್ರಹ’ವನ್ನು ತೆಲುಗಿಗೆ ತಂದ. ವಲ್ಲಭ ಎಂಬವನು ಅದಕ್ಕೆ ಕನ್ನಡದಲ್ಲಿ ಟೀಕೆ ಬರೆದ. ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯನೂ ಜೈನನೇ, ನಡೆದದ್ದೂ ಹೆಚ್ಚುಕಡಿಮೆ ಮಹಾವೀರನ ಜಾಡಿನಲ್ಲೇ. ಅಂದಿನ ಉಲ್ಲೇಖವೆಂದರೆ ಟೀಕೆ, ಅನುವಾದ, ಪ್ರತಿ ಮಾಡುವುದು. ಆ ಅಳತೆಯಲ್ಲಿ ಮಹಾವೀರ ತೆಂಕಣದವರ ಪಠ್ಯಕಾರ.

ಹೊರಜಗತ್ತಿಗೆ ಗ್ರಂಥ ತಲುಪಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯ ಹಸ್ತಪ್ರತಿಗಳನ್ನು ಕೂಡಿಸಿ ಪಾಠ ಸಿದ್ಧಪಡಿಸಿದರು. ಆ ಕೆಲಸ ಅಚ್ಚಾಗುವ ಮುನ್ನವೇ, 1908ರಲ್ಲಿ ರೋಮ್‌ನ ಅಂತರರಾಷ್ಟ್ರೀಯ ಗಣಿತಜ್ಞರ ಸಮಾವೇಶದಲ್ಲಿ ಅಮೆರಿಕದ ಡೇವಿಡ್ ಯೂಜೀನ್ ಸ್ಮಿತ್ ಗ್ರಂಥದ ಬಗ್ಗೆ ಮಾತನಾಡಿದರು. ಇಂಗ್ಲಿಷ್ ಅನುವಾದದೊಡನೆ ಪುಸ್ತಕ ಹೊರಬಂದದ್ದು 1912ರಲ್ಲಿ. 1930ರ ದಶಕದಲ್ಲಿ ದತ್ತ ಮತ್ತು ಸಿಂಗ್ ಬರೆದ ಹಿಂದೂ ಗಣಿತ ಚರಿತ್ರೆಯಲ್ಲಿ ಮಹಾವೀರನ ಉಲ್ಲೇಖ ಮತ್ತೆಮತ್ತೆ ಬರುತ್ತದೆ. ಎಲ್.ಸಿ. ಜೈನ್ ಅವರ ಹಿಂದಿ ಆವೃತ್ತಿ 1963ರಲ್ಲಿ, ಆಳಂದದ ಗಡಿಯಾಚೆಯ ಸೊಲ್ಲಾಪುರದಿಂದ ಪ್ರಕಟವಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಬಂದದ್ದು 2000ದಲ್ಲಿ.