ಒಣ ಹವೆಯ ನೆಲಕ್ಕೆ ಎಂಥ ಮರ?

ಮಳೆಗಾಲದಲ್ಲಿ ಮರದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಮುಚ್ಚಲು ಬಾರದಂತಾಗುತ್ತದೆ. ಅದೇ ಬಾಗಿಲು ಯುಗಾದಿಯ ಹೊತ್ತಿಗೆ ಸಡಿಲವಾಗಿ, ಸಂದಿನಿಂದ ಬೆಳಕು ತೂರಿ ಬರುತ್ತದೆ. ಇದು ಎಲ್ಲ ಮನೆಗಳ ಅನುಭವ. ಬಾಗಿಲಾದರೆ ಬಡಗಿಯನ್ನು ಕರೆಸಿ ಅಂಚು ಕೀಸಿಸಬಹುದು. ಆದರೆ ಇಡೀ ಮನೆಯ ನೆಲಕ್ಕೇ ಮರದ ಹಲಗೆ ಹಾಸಿದ್ದರೆ ಏನು ಗತಿ?

ನಗರಗಳ ಹೊಸ ಮನೆಗಳಲ್ಲಿ ಮರದ ನೆಲಹಾಸು ಕಾಣಿಸಿಕೊಳ್ಳುತ್ತಿರುವುದರಿಂದ ನಮಗೂ ಈಗ ಈ ಪ್ರಶ್ನೆ ಎದುರಾಗಿದೆ. ಮರ ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ‘ಗಟ್ಟಿಯಾಗಿದೆಯೇ?’ ಎಂದು. ಒಣ ಹವೆಯ ಊರುಗಳಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು ‘ಎಷ್ಟು ಕುಗ್ಗುತ್ತದೆ?’ ಎಂದು. ಮರದ ನೆಲದ ಮುನ್ನೂರು ವರ್ಷಗಳ ಚರಿತ್ರೆ ಹೇಳುವ ಪಾಠವೂ ಇದೇ.

ಮರದ ಉಸಿರಾಟ

ಕಡಿದು ಎಷ್ಟು ವರ್ಷಗಳಾದರೂ ಮರ ಸುತ್ತಲಿನ ಗಾಳಿಯ ತೇವವನ್ನು ಹೀರುತ್ತಲೂ ಬಿಡುತ್ತಲೂ ಇರುತ್ತದೆ. ಹೀರಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಉದ್ದದಲ್ಲಿ ಈ ವ್ಯತ್ಯಾಸ ನಗಣ್ಯ. ಅಗಲದಲ್ಲಿ ಮಾತ್ರ ಎದ್ದು ಕಾಣುತ್ತದೆ. ಅದರಲ್ಲೂ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ದಿಕ್ಕಿಗೆ ಆಗುವುದರ ಸುಮಾರು ಎರಡರಷ್ಟು.

ಅಮೆರಿಕದ ಕೆಂಪು ಓಕ್‌ನ ಹಸಿಮರ ಪೂರ್ತಿ ಒಣಗಿದಾಗ ಉಂಗುರಗಳ ಗುಂಟ ಶೇ 8.6ರಷ್ಟು ಕುಗ್ಗುತ್ತದೆ. ಈ ಮರದ 100 ಮಿಲಿಮೀಟರ್ ಅಗಲದ ಹಲಗೆಯ ತೇವಾಂಶ ಶೇ 12ರಿಂದ 6ಕ್ಕೆ ಇಳಿದರೆ ಹಲಗೆ ಹೆಚ್ಚುಕಡಿಮೆ ಎರಡು ಮಿಲಿಮೀಟರ್ ಕಿರಿದಾಗುತ್ತದೆ. ಒಂದು ಹಲಗೆಯ ಮಟ್ಟಿಗೆ ಇದು ಅಲ್ಪವೇ. ಮೂರು ಮೀಟರ್ ಅಗಲದ ಕೋಣೆಗೆ ಅಂಥ ಮೂವತ್ತು ಹಲಗೆ ಬೇಕು. ಎಲ್ಲ ಸಂದುಗಳನ್ನೂ ಕೂಡಿಸಿದರೆ ಸುಮಾರು 60 ಮಿಲಿಮೀಟರ್, ಅಂದರೆ ಎರಡಂಗುಲಕ್ಕೂ ಹೆಚ್ಚು!

ವರ್ಸೈಲ್ಸ್ ಕಲಿಸಿದ ಪಾಠ

ಫ್ರಾನ್ಸಿನ ವರ್ಸೈಲ್ಸ್ ಅರಮನೆಯಲ್ಲಿ 1684ರಲ್ಲಿ ಅಮೃತಶಿಲೆಯ ನೆಲವಿದ್ದ ಕಡೆ ಮರವನ್ನು ಹಾಸತೊಡಗಿದರು. ಶಿಲೆಯನ್ನು ತೊಳೆದ ನೀರು ಕೆಳಗಿನ ತೊಲೆಗಳಿಗೆ ಇಳಿದು ಅವು ಕೊಳೆಯುತ್ತಿದ್ದುದೇ ಇದಕ್ಕೆ ಕಾರಣ. ಅಲ್ಲಿನ ಬಡಗಿಗಳು ಉದ್ದನೆಯ ಹಲಗೆಗಳನ್ನು ಬಳಸಲಿಲ್ಲ. ಓಕ್ ಮರದ ಚಿಕ್ಕ ತುಂಡುಗಳನ್ನು ಚೌಕಟ್ಟಿನೊಳಗೆ ಕೂರಿಸಿ, ಚೌಕಾಕಾರದ ಫಲಕಗಳನ್ನು ಮಾಡಿ ಜೋಡಿಸಿದರು. ತುಂಡು ಚಿಕ್ಕದಾದಷ್ಟೂ ಅದು ಕುಗ್ಗುವ ಅಳತೆಯೂ ಚಿಕ್ಕದು. ಸಂದು ಬಿದ್ದರೂ ಕಣ್ಣಿಗೆ ಬೀಳುವುದಿಲ್ಲ. ‘ಪಾರ್ಕೆ’ ಎಂದು ಹೆಸರಾದ ಈ ಜೋಡಣೆ ನೋಡಲು ಅಂದವಾದದ್ದು ಮಾತ್ರವಲ್ಲ, ಮರದ ಸ್ವಭಾವಕ್ಕೆ ಹೊಂದುವ ಉಪಾಯವೂ ಹೌದು.

ಅಮೆರಿಕದ ಒಣ ಪ್ರಾಂತ್ಯಗಳಲ್ಲಿ ಉತ್ತರ ಬೇರೊಂದು ರೀತಿಯಲ್ಲಿ ದೊರಕಿತು. ಟೆಕ್ಸಾಸ್ ಹಾಗೂ ಆರಿಜೋನಾದ ಬಯಲುಗಳಲ್ಲಿ ಮೆಸ್ಕೀಟ್ ಎಂಬ ಮುಳ್ಳುಮರ ತಾನೇ ತಾನಾಗಿ ಬೆಳೆಯುತ್ತದೆ. ದನ ಸಾಕುವವರಿಗೆ ಅದು ಹುಲ್ಲುಗಾವಲನ್ನು ನುಂಗುವ ಪೀಡೆ. ಆದರೆ ಅದರ ಮರ ಉಂಗುರಗಳ ಗುಂಟ ಕುಗ್ಗುವುದು ಶೇ 3.2ರಷ್ಟು ಮಾತ್ರ, ಕೆಂಪು ಓಕ್‌ನ ಅರ್ಧಕ್ಕಿಂತಲೂ ಕಡಿಮೆ. ತೇಗದ್ದು ಇವೆರಡರ ನಡುವಿನ ಪ್ರಮಾಣ. 19ನೇ ಶತಮಾನದ ಕೊನೆಯ ಭಾಗದಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದ ಬೀದಿಗಳಿಗೂ ಮೆಸ್ಕೀಟ್ ಮರದ ಇಟ್ಟಿಗೆಗಳನ್ನು ಹಾಸಿದ್ದುಂಟು. ಇಂದು ಅದೇ ಮರ ಅಲ್ಲಿ ದುಬಾರಿ ನೆಲಹಾಸು. ಅರ್ಜೆಂಟೀನಾದಲ್ಲಿ ಇದರ ಬಂಧುವಾದ ಅಲ್ಗರೋಬೊ ಮರಕ್ಕೂ ಇಂಥದೇ ಮರ್ಯಾದೆ ಇದೆ.

ನಮ್ಮ ಬಯಲುಸೀಮೆ

ನಮ್ಮ ಹಿರಿಯರು ಈ ತೊಡಕನ್ನು ಬೇರೆ ಬಗೆಯಲ್ಲಿ ನಿವಾರಿಸಿಕೊಂಡಿದ್ದರು. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಕಾಲಡಿಗೆ ಸಗಣಿ ಸಾರಿಸಿದ ಮಣ್ಣು ಅಥವಾ ಶಹಾಬಾದ್ ಕಲ್ಲು. ಮರಕ್ಕೆ ಸ್ಥಾನವಿದ್ದುದು ಕಂಬ, ತೊಲೆ, ಜಂತೆ ಮತ್ತು ಅಟ್ಟಗಳಲ್ಲಿ. ಅನುಕೂಲವಂತರು ಇದಕ್ಕೆ ಸಾಗವಾನಿಯನ್ನೇ ಆರಿಸುತ್ತಿದ್ದರು. ಬೆಂಗಳೂರಿನಲ್ಲಿ 1791ರಲ್ಲಿ ಪೂರ್ಣಗೊಂಡ ಟಿಪ್ಪುವಿನ ಬೇಸಿಗೆ ಅರಮನೆಯ ತೇಗದ ಕಂಬಗಳು ಇಂದಿಗೂ ನಿಂತಿವೆ. ಆದರೆ ತೇಗದ ಮೇಲೆ ಹಡಗು ಕಟ್ಟುವವರ ಕಣ್ಣೂ ಬಿತ್ತು. ಈಸ್ಟ್ ಇಂಡಿಯಾ ಕಂಪನಿ 1806ರಲ್ಲಿ ಮಲಬಾರಿನ ತೇಗಕ್ಕಾಗಿಯೇ ಒಬ್ಬ ಅಧಿಕಾರಿಯನ್ನು ನೇಮಿಸಿತು.

ಇದೇ ಶತಮಾನದಲ್ಲಿ ಮೆಸ್ಕೀಟ್‌ನ ಇನ್ನೊಂದು ಬಂಧು ನಮ್ಮಲ್ಲಿಗೆ ಬಂತು. ಸೌದೆಯ ಕೊರತೆ ನೀಗಿಸಲೆಂದು ಮದರಾಸು ಪ್ರಾಂತ್ಯದ ಅರಣ್ಯ ಇಲಾಖೆ 1877ರ ಸುಮಾರಿಗೆ ಕಡಪ ಜಿಲ್ಲೆಯಲ್ಲಿ ಅದರ ಬೀಜಗಳನ್ನು ಬಿತ್ತಿಸಿತು. ಅದೇ ನಮ್ಮ ಬಳ್ಳಾರಿ ಜಾಲಿ. ಇಂದು ಅದು ಕೆರೆಯಂಗಳ, ಗೋಮಾಳ, ಹಳ್ಳದ ದಂಡೆಗಳನ್ನೆಲ್ಲ ಆಕ್ರಮಿಸಿದೆ. ರೈತರ ಶಾಪಕ್ಕೂ ಗುರಿಯಾಗಿದೆ. ಇದರ ಮರವೂ ಹೆಚ್ಚು ಕುಗ್ಗದ ಜಾತಿಯದೇ. ಆದರೂ ನಾವು ಇದನ್ನು ಬಳಸುವುದು ಬಹುಪಾಲು ಸೌದೆಗೆ, ಇದ್ದಿಲಿಗೆ.

ಜಾಲಿಯ ಬೊಡ್ಡೆ ಸೊಟ್ಟ, ಉದ್ದ ಹಲಗೆ ಸಿಗುವುದಿಲ್ಲ ಎಂಬುದು ನಿಜ. ಆದರೆ ನೆಲಕ್ಕೆ ಉದ್ದ ಹಲಗೆಯೇ ಬೇಕೆಂದಿಲ್ಲ ಎಂಬುದನ್ನು ವರ್ಸೈಲ್ಸ್‌ನ ಬಡಗಿಗಳು ಎಂದೋ ತೋರಿಸಿದ್ದಾರೆ. ಇದು ಜಾಲಿಯನ್ನು ಹೊಸದಾಗಿ ನೆಡಬೇಕೆಂಬ ವಾದವಲ್ಲ. ಕೆರೆಯಂಗಳದಿಂದ ಹೇಗೂ ಕಡಿದು ತೆಗೆಯಬೇಕಾದ ಮರದಲ್ಲಿ ದಪ್ಪನೆಯದನ್ನಾದರೂ ಒಲೆಗೆ ಹಾಕುವ ಮೊದಲು ಯೋಚಿಸಬಹುದಲ್ಲವೇ?

ಯಾವ ಮರವನ್ನೇ ಆರಿಸಿದರೂ ಕೆಲವು ನಿಯಮಗಳು ಬದಲಾಗುವುದಿಲ್ಲ. ಮರ ಚೆನ್ನಾಗಿ ಹದಗೊಂಡಿರಬೇಕು. ಹಲಗೆ ಕಿರಿದಾಗಿದ್ದಷ್ಟೂ ಒಳ್ಳೆಯದು. ಹಾಸುವ ಮೊದಲು ಅದನ್ನು ಅದೇ ಕೋಣೆಯಲ್ಲಿಟ್ಟು ಅಲ್ಲಿನ ಗಾಳಿಗೆ ಒಗ್ಗಿಸಬೇಕು. ಮಳೆಗಾಲದಲ್ಲಿ ಹಿಗ್ಗಿದಾಗ ಉಬ್ಬಿ ಮೇಲೇಳದಂತೆ ಗೋಡೆಯ ಬುಡದಲ್ಲಿ ಸುತ್ತಲೂ ಸಂದು ಬಿಡಬೇಕು. ಹವೆಯೊಂದಿಗೆ ಹೊಂದಿಕೊಳ್ಳುವುದನ್ನು ಮರ ಎಂದೂ ಬಿಡುವುದಿಲ್ಲ. ಅದಕ್ಕೆ ಜಾಗ ಕೊಡುವುದಷ್ಟೇ ಮನೆ ಕಟ್ಟುವವರ ಕೆಲಸ.